ಇಟ್ಟಿಗಿಯಿಂದ ಟಾಟಾ ಇನ್‌ಸ್ಟಿಟ್ಯೂಟ್ ಗೇಟಿನವರೆಗೆ

ನಿಮ್ಮೂರು ಯಾವುದು ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ನನ್ನ ಹತ್ತಿರ ಎರಡು ಉತ್ತರ ರೆಡಿ ಇರಬೇಕು. ‘ಇಟ್ಟಿಗಿ’ ಅಂದ ತಕ್ಷಣ ಅರ್ಧ ಜನ ‘ಇಟ್ಟಿಗೆನಾ? ಮನೆ ಕಟ್ಟೋ ಇಟ್ಟಿಗೆನಾ?’ ಅಂತ ನಗ್ತಾರೆ. ಸ್ವಲ್ಪ ಊರು ಸುತ್ತಿದವರು ‘ಓ, ಮಹಾದೇವ ದೇವಾಲಯ ಇರೋ ಊರು!’ ಅಂತಾರೆ. ಅದೂ ಅಲ್ಲ. 1112ರಲ್ಲಿ ಕಟ್ಟಿದ ಆ ಚೆಂದದ ದೇವಾಲಯ ಇರೋದು ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ. ನಮ್ಮದು ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿ. ಹೆಸರಿಗೆ ಹೋಬಳಿ. ನೋಡೋಕೆ ಅಂತ ಯಾರೂ ಬರೋ ಊರಲ್ಲ. ಆದರೂ ಈ ಸಲ ದೀಪಾವಳಿಗೆ ಹೋದಾಗ ಅಲ್ಲಿ ನೋಡಿದ್ದನ್ನು ನಿಮಗೆ ಹೇಳಲೇಬೇಕು ಅನ್ನಿಸಿತು.

ರಾತ್ರಿ ಬೆಂಗಳೂರಲ್ಲಿ ಬಸ್ಸು ಹತ್ತಿ, ಬೆಳಗಿನ ಜಾವ ಹರಪನಹಳ್ಳಿಯಲ್ಲಿ ಇಳಿದು, ಬಸ್‌ ಸ್ಟ್ಯಾಂಡಿನ ಚಾ ಕುಡಿದು ಇನ್ನೊಂದು ಬಸ್ಸು ಹಿಡಿದರೆ ನಮ್ಮೂರು. ದೀಪಾವಳಿ ಹೊತ್ತಿಗೆ ಈ ಕಡೆ ಬಂದವರಿಗೆ ಮೊದಲು ಕಾಣೋದು ಮೆಕ್ಕೆಜೋಳ. ರಸ್ತೆಯ ಅರ್ಧ ಭಾಗ ಬಂಗಾರದ ಬಣ್ಣ. ಕಾಳು ಒಣಗಿಸೋಕೆ ಇಷ್ಟು ಚೆನ್ನಾಗಿ ಕಾಯೋ ಡಾಂಬರು ರಸ್ತೆ ಬಿಟ್ಟು ಬೇರೆ ಕಣ ಎಲ್ಲಿದೆ? ಬೈಕು, ಬಸ್ಸು ಎಲ್ಲ ಪಕ್ಕಕ್ಕೆ ಸರಿದುಕೊಂಡು ಹೋಗ್ತಾವೆ. ಸಂಜೆ ಮೋಡ ಕವಿದರೆ ಇಡೀ ಓಣಿಯೇ ತಾಡಪತ್ರಿ ಹಿಡಿದು ಓಡುತ್ತೆ.

ನಮ್ಮ ಪಕ್ಕದ ಮನೆ ಕಾಕಾನ ರಾಶಿಯೂ ರಸ್ತೆ ಮೇಲೇ ಇತ್ತು. ಪಕ್ಕದಲ್ಲಿ ಅವರ ಮಗಳು ಕೂತಿದ್ದಳು. ಹಡಗಲಿಯಲ್ಲಿ ಬಿ.ಎಸ್ಸಿ ಎರಡನೇ ವರ್ಷ, ಭೌತಶಾಸ್ತ್ರ. ಅವಳ ಮುಂದೆ ಎರಡು ಸ್ಟೀಲ್ ಲೋಟ, ಒಂದರೊಳಗೊಂದು. ನಡುವಿನ ಸಂದಿಯಲ್ಲಿ ಜೋಳದ ಕಾಳು. ಎರಡು ಲೋಟಕ್ಕೂ ವೈರು ಸಿಕ್ಕಿಸಿ ಮಲ್ಟಿಮೀಟರ್ ನೋಡಿಕೊಂಡು ನೋಟ್‌ಬುಕ್ಕಿನಲ್ಲಿ ಬರೀತಿದ್ದಳು.

‘ಏನವ್ವಾ ಇದು?’ ಅಂದೆ.

‘ಅಣ್ಣಾ, ಮಾರಾಕ ಹೋದಾಗ ಮಷಿನ್ ಹಾಕಿ ತೇವ ಜಾಸ್ತಿ ಐತಿ ಅಂತಾರ. ಕ್ವಿಂಟಲ್‌ಗೆ ಇಷ್ಟು ಅಂತ ಮುರಕೊಂತಾರ. ಆ ಮಷಿನ್ ಹೆಂಗ್ ಕೆಲಸ ಮಾಡ್ತೈತಿ ಅಂತ ನೋಡಾಕತ್ತೀನಿ.’

ನಾನು ಇಂಜಿನಿಯರಿಂಗ್‌ ಓದಿದವನು. ನಮ್ಮ ಮನೆಯಲ್ಲೂ ಮೂವತ್ತು ವರ್ಷದಿಂದ ಹೀಗೇ ಮುರಕೊಂಡಿದ್ದಾರೆ. ಆ ಮಷಿನ್ ಒಳಗೆ ಏನಿದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಅವಳೇ ವಿವರಿಸಿದಳು. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 80ರ ಹತ್ತಿರ, ಒಣ ಕಾಳಿನದ್ದು ತೀರಾ ಕಡಿಮೆ. ಹಾಗಾಗಿ ಕಾಳಿನಲ್ಲಿ ನೀರು ಹೆಚ್ಚಿದಷ್ಟೂ ಎರಡು ಲೋಟದ ನಡುವಿನ ಕೆಪಾಸಿಟೆನ್ಸ್ ಏರುತ್ತೆ. ಬೆಂಬಲ ಬೆಲೆಗೆ ಕೊಡಬೇಕಾದರೆ ಮೆಕ್ಕೆಜೋಳದ ತೇವಾಂಶ 14 ಪರ್ಸೆಂಟ್ ದಾಟಬಾರದು. ಮುಂಜಾನೆ ಹರಡಿದ ಕಾಳು ಯಾವಾಗ ಆ ಗೆರೆಯಿಂದ ಕೆಳಗೆ ಬರುತ್ತೆ ಅನ್ನೋದು ಅವಳ ಪ್ರಶ್ನೆ. ಮಲ್ಟಿಮೀಟರ್ ಕಾಲೇಜಿನ ಲ್ಯಾಬಿನದು. ಸರ್ ಹಬ್ಬಕ್ಕೆ ಅಂತ ಮನೆಗೆ ಒಯ್ಯೋಕೆ ಬಿಟ್ಟಿದ್ದರು.

ಡಿಗ್ರಿ ಆದಮೇಲೆ ಏನು ಮಾಡ್ತೀ ಅಂತ ಕೇಳಿದೆ. ‘ಬಿ.ಎಡ್ ಮಾಡು ಅಂತಾರ ಮನ್ಯಾಗ’ ಅಂದಳು. ಅಷ್ಟು ಹೇಳಿ ಮತ್ತೆ ಮೀಟರಿನ ಕಡೆ ತಿರುಗಿದಳು.

ಅವತ್ತು ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ಕಟ್ಟೆ ಮೇಲೆ ಕೂತಾಗ ಅವಳಿಗೆ ಹೇಳಿದೆ. ಬೇರೆ ಕಾಲೇಜಿನ ಹುಡುಗರನ್ನು ಬೇಸಿಗೆಯಲ್ಲಿ ಕರೆದು, ಎರಡು ತಿಂಗಳು ಲ್ಯಾಬಿನಲ್ಲಿ ಕೆಲಸ ಕೊಡೋ ಸಂಸ್ಥೆಗಳಿವೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರೋ ಜವಾಹರಲಾಲ್ ನೆಹರು ಕೇಂದ್ರದ್ದು ಒಂದಿದೆ. ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇವೆಲ್ಲ ‘ವಿಸಿಟಿಂಗ್ ಸ್ಟೂಡೆಂಟ್’ ಅಂತಲೇ ಹುಡುಗರನ್ನು ತಗೋತಾವೆ. ಮುಂದೆ ಎಂ.ಎಸ್ಸಿಗೋ ಪಿಎಚ್.ಡಿಗೋ ಅರ್ಜಿ ಹಾಕುವಾಗ ಈ ಎರಡು ತಿಂಗಳು ಬಹಳ ಕೆಲಸಕ್ಕೆ ಬರುತ್ತೆ. ಯಾಕಂದ್ರೆ ಅಲ್ಲಿ ನಿನ್ನ ಕೆಲಸವನ್ನು ಕಣ್ಣಾರೆ ಕಂಡವರು ಒಬ್ಬರಾದರೂ ಇರ್ತಾರೆ. ಅವರು ಬರೆದ ಪತ್ರಕ್ಕೆ ತೂಕ ಜಾಸ್ತಿ.

ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, ‘ಅದು ನಮಗೂ ಐತೇನಣ್ಣಾ?’ ಅಂದಳು.

ಈ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು. ನಾನು ಪಿಯುಸಿ ಮುಗಿಸಿದ್ದು 2014ರಲ್ಲಿ. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371(ಜೆ) ವಿಧಿ ಬಂದು, ನಮ್ಮ ಕಡೆಯವರಿಗೆ ಸೀಟು ಮೀಸಲಾಗಿದ್ದು ಆಗಷ್ಟೇ ಶುರುವಾಗಿತ್ತು. ನಮ್ಮ ಪ್ರದೇಶದ ಕಾಲೇಜುಗಳಲ್ಲಿ 70 ಪರ್ಸೆಂಟ್, ರಾಜ್ಯದ ಉಳಿದ ಕಡೆ 8 ಪರ್ಸೆಂಟ್. ತಮಾಷೆ ನೋಡಿ, ಆಗ ಇದಕ್ಕೆ ‘ಹೈದರಾಬಾದ್ ಕರ್ನಾಟಕ’ ಅಂತ ಹೆಸರು. ನಮ್ಮ ಅಜ್ಜನ ಕಾಲದಲ್ಲಿ ಬಳ್ಳಾರಿ ಸೀಮೆ ಇದ್ದದ್ದು ಮದ್ರಾಸಿಗೆ. 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಈಗ ಹೆಸರು ಕಲ್ಯಾಣ ಕರ್ನಾಟಕ, ಜಿಲ್ಲೆ 2021ರಿಂದ ವಿಜಯನಗರ. ಹೆಸರು ಎಷ್ಟು ಬದಲಾದರೂ ಒಂದು ಮಾತ್ರ ಹಾಗೇ ಇತ್ತು. ಪ್ರಾದೇಶಿಕ ಅಸಮಾನತೆ ಬಗ್ಗೆ 2002ರಲ್ಲಿ ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ರಾಜ್ಯದ 114 ತಾಲ್ಲೂಕು ಹಿಂದುಳಿದವು ಅಂತ ಬರೆದರು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಎಲ್ಲ ಆ ಪಟ್ಟಿಯಲ್ಲಿದ್ದವು.

ಅಪ್ಪ ಆ ಸರ್ಟಿಫಿಕೇಟಿಗೆ ಮೂರು ಸಲ ಓಡಾಡಿದರು. ಆ 8ರಲ್ಲೇ ನನಗೆ ಬೆಂಗಳೂರಲ್ಲಿ ಇಂಜಿನಿಯರಿಂಗ್‌ ಸೀಟು ಸಿಕ್ಕಿತು. ಅದಿಲ್ಲದಿದ್ದರೆ ನಾನು ಇವತ್ತು ಈ ಲೇಖನ ಬರೀತಿರಲಿಲ್ಲ.

ಆದರೆ ಆ ಸರ್ಟಿಫಿಕೇಟ್ ನಡೆಯೋದು ರಾಜ್ಯದ ಕಾಲೇಜುಗಳಲ್ಲಿ. ಐಐಟಿ, ಐಐಎಸ್ಸಿ, ಹೊರದೇಶದ ವಿಶ್ವವಿದ್ಯಾಲಯಗಳ ಬಾಗಿಲಲ್ಲಿ ‘ಕಲ್ಯಾಣ ಕರ್ನಾಟಕ’ ಅಂತ ಟಿಕ್ ಹಾಕೋ ಚೌಕವೇ ಇಲ್ಲ. ಕೇಂದ್ರದ ಮೀಸಲಾತಿ ಇದೆ. ಗೇಟ್ ಪರೀಕ್ಷೆಗೆ ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ಅರ್ಧ ಫೀಸು ಅಂತಿದೆ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು ವಿದೇಶಕ್ಕೆ ಹೋಗೋಕೆ ರಾಜ್ಯ ಸರ್ಕಾರದ ‘ಪ್ರಬುದ್ಧ’ ಯೋಜನೆ ಇದೆ. ಎಲ್ಲವೂ ಇದೆ. ಸುದ್ದಿ ಮಾತ್ರ ಹರಪನಹಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಲ್ಲ.

ಸಂಜೆ ಕಾಕಾನ ಜೊತೆ ಮಾತಾಡೋದು ನನ್ನ ಪಾಲಿಗೆ ಬಂತು. ಅವರು ರಾಶಿ ಗುಡ್ಡೆ ಹಾಕ್ತಾ ಇದ್ದರು. ನಾನೂ ಒಂದು ಕಡೆ ತಾಡಪತ್ರಿ ಹಿಡಿದೆ.

‘ಬೆಂಗಳೂರಾಗ ಎರಡು ತಿಂಗಳಾ? ಒಬ್ಬಾಕೀನ? ಎಷ್ಟು ರೊಕ್ಕ ಕಟ್ಟಬೇಕು?’

‘ಕಟ್ಟೋದಿಲ್ಲ ಕಾಕಾ. ಆಯ್ಕೆ ಆದ್ರೆ ಅವರೇ ಕೊಡ್ತಾರೆ. ಹೋಗಿಬರೋ ರೈಲು ಚಾರ್ಜೂ ಕೊಡ್ತಾರೆ.’

‘ಓದಾಕ ಅವ್ರ ರೊಕ್ಕ ಕೊಡ್ತಾರಾ?’ ಕಾಕಾ ನಕ್ಕುಬಿಟ್ಟರು. ‘ಯಾರರ ಟೋಪಿ ಹಾಕ್ಯಾರು ತಮ್ಮಾ, ನೋಡು.’

ನಗಬೇಡಿ. ನನ್ನ ಕಥೆ ಕೆಟ್ಟಿದ್ದೂ ಇದೇ ಜಾಗದಲ್ಲಿ. ಗೇಟ್ ಪಾಸಾಗಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ, ಫೆಲೋಶಿಪ್ ಪಡೆದು ಪಿಎಚ್.ಡಿಗೆ ಸೇರಿದವರಿಗೆ 2023ರಿಂದ 37,000 ರೂಪಾಯಿ ಬರುತ್ತೆ ಅನ್ನೋದು ಬೆಂಗಳೂರಿನ ಪ್ರೊಫೆಸರ್ ಮಕ್ಕಳಿಗೆ ಹುಟ್ಟುತ್ತಲೇ ಗೊತ್ತಿರುತ್ತೆ. ನಮ್ಮ ಮನೆಗಳಲ್ಲಿ ‘ಇನ್ನೂ ಓದ್ತೀನಿ’ ಅಂದರೆ ‘ಇನ್ನೂ ಖರ್ಚು ಮಾಡಿಸ್ತೀನಿ’ ಅಂತಲೇ ಅರ್ಥ.

ಅದಕ್ಕೇ ಕಾಕಾನಿಗೆ ಹಳೆಯ ಕಥೆಗಳನ್ನು ಹೇಳಿದೆ. 1913ರಲ್ಲಿ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ. 1933ರಲ್ಲಿ ಮುಂಬೈನಿಂದ ಕಮಲಾ ಭಾಗವತ್ ಅನ್ನೋ ಹುಡುಗಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಇವತ್ತಿನ ಐಐಎಸ್ಸಿಗೆ, ಅರ್ಜಿ ಹಾಕಿದಳು. ಹೆಣ್ಣು ಅಂತ ಸೀಟು ಕೊಡೋಕೆ ಒಪ್ಪದವರು ಸಾಕ್ಷಾತ್ ಸಿ.ವಿ. ರಾಮನ್. ಆಕೆ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಒಂದು ವರ್ಷ ನೋಡೋಣ ಅಂತ ಷರತ್ತು ಹಾಕಿ ಸೇರಿಸಿಕೊಂಡರು. ಆಕೆ ಮುಂದೆ ಕೇಂಬ್ರಿಡ್ಜಿನಲ್ಲಿ ಪಿಎಚ್.ಡಿ ಮಾಡಿದರು. ನಮ್ಮ ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿ 1940ರ ದಶಕದಲ್ಲೇ ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಮಿಷಿಗನ್‌ಗೆ ಹೋಗಿ ಓದಿ, ವಾಪಸು ಬಂದು ಅದೇ ಐಐಎಸ್ಸಿಯಲ್ಲಿ ಪ್ರೊಫೆಸರ್ ಆದರು. ಮೈಕ್ರೋವೇವ್ ಇಂಜಿನಿಯರಿಂಗ್‌ ಕಲಿಸಿದರು.

ಕಾಕಾ ಎಲ್ಲ ಕೇಳಿದರು. ತಾಡಪತ್ರಿಯ ತುದಿಗೆ ಕಲ್ಲು ಇಟ್ಟರು. ಆಮೇಲೆ ಒಂದೇ ಒಂದು ಮಾತು ಕೇಳಿದರು.

‘ನೀ ಹೋಗಿದ್ದೇನಪ್ಪಾ ಅದರೊಳಗ?’

ನಾನು ಬಾಯಿ ಮುಚ್ಚಿದೆ. ಹೋಗಿಲ್ಲ. ಯಶವಂತಪುರದಿಂದ ಮೇಖ್ರಿ ಸರ್ಕಲ್ ಕಡೆ ಹೋಗೋ ಬಸ್ಸಿನಲ್ಲಿ ಎಷ್ಟೋ ವರ್ಷ ಆ ಗೇಟಿನ ಮುಂದೆ ಓಡಾಡಿದ್ದೇನೆ. ಕಂಡಕ್ಟರು ‘ಟಾಟಾ ಇನ್‌ಸ್ಟಿಟ್ಯೂಟ್’ ಅಂತ ಕೂಗಿದಾಗ ಇಳಿಯೋರಿಗೆ ಜಾಗ ಬಿಟ್ಟಿದ್ದೇನೆ. ಒಂದು ದಿನವೂ ಇಳಿದಿಲ್ಲ.

2018ರಲ್ಲಿ ಕೊನೆಯ ವರ್ಷದಲ್ಲಿದ್ದಾಗ ಗೇಟ್ ಬರೆದಿದ್ದೆ. ಸ್ಕೋರ್ ಪರವಾಗಿರಲಿಲ್ಲ. ದೊಡ್ಡ ಸಂಸ್ಥೆಯೊಂದರಿಂದ ಸಂಶೋಧನೆಯ ಡಿಗ್ರಿಗೆ ಇಂಟರ್‌ವ್ಯೂ ಕರೆಯೂ ಬಂತು. ಕೈಯಲ್ಲಿ ಕ್ಯಾಂಪಸ್ ಕೆಲಸ ಇತ್ತು. ಮನೆಯಲ್ಲಿ ಬೋರ್‌ವೆಲ್ ಸಾಲ ಇತ್ತು. ಅಲ್ಲಿ ಬರೋರೆಲ್ಲ ಇಂಗ್ಲಿಷಿನಲ್ಲೇ ಉಸಿರಾಡೋರು, ನನ್ನನ್ನು ನೋಡಿ ಏನಂದುಕೊಂಡಾರು ಅನ್ನೋ ಅಳುಕಂತೂ ಮೈತುಂಬ ಇತ್ತು. ಹೋಗಲಿಲ್ಲ. ಬೇಡ ಅಂತ ಯಾರೂ ಹೇಳಲಿಲ್ಲ, ನಾನೇ ನನ್ನನ್ನು ರಿಜೆಕ್ಟ್ ಮಾಡಿಕೊಂಡೆ. ಈ ವಿಷಯ ನಮ್ಮಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಕೆಲಸದ ಬಗ್ಗೆ ನನಗೇನೂ ಬೇಜಾರಿಲ್ಲ, ಸಾಲ ತೀರಿದೆ, ಮನೆಗೆ ಟೈಲ್ಸ್ ಬಂದಿದೆ. ಆದರೆ ಬಾಗಿಲು ತಟ್ಟಿ ‘ಇಲ್ಲ’ ಅನ್ನಿಸಿಕೊಳ್ಳೋದು ಬೇರೆ, ತಟ್ಟದೇ ವಾಪಸು ಬರೋದು ಬೇರೆ. ಅದನ್ನೇ ಕಾಕಾನಿಗೆ ಹೇಳಿದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹಂಗಾರ ಅರ್ಜಿ ಹಾಕ್ರಿ. ಕಳಿಸೋದು ಬಿಡೋದು ಆಮ್ಯಾಲ ನೋಡೂಣು’ ಅಂದರು.

ಅರ್ಜಿ ಹಾಕೋದು ಅಂದರೆ ಫಾರಂ ತುಂಬೋದು ಅಂತ ನಾವು ತಿಳಿದಿರ್ತೀವಿ. ನಿಜವಾದ ಕೆಲಸ ಇರೋದು ಎರಡು ಕಡೆ. ಒಂದು, ನೀನು ಏನು ಮಾಡಬೇಕು ಅಂತಿದ್ದೀಯ ಅನ್ನೋದನ್ನು ಬರೆಯೋದು. ಎರಡನೇದು, ಒಬ್ಬ ಮೇಷ್ಟ್ರ ಶಿಫಾರಸು ಪತ್ರ.

ಮೊದಲನೇದನ್ನು ಅವಳು ರಾತ್ರಿಯೇ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಳು. ಓದಿದೆ. ಬಾಲ್ಯದಿಂದಲೂ ನನಗೆ ಭೌತಶಾಸ್ತ್ರದಲ್ಲಿ ಅಪಾರ ಆಸಕ್ತಿ, ದೇಶಸೇವೆ ಮಾಡುವ ಹಂಬಲ, ಪ್ರತಿಷ್ಠಿತ ಸಂಸ್ಥೆಯ ವಾತಾವರಣ ಅಂತೆಲ್ಲ ದೊಡ್ಡ ದೊಡ್ಡ ಇಂಗ್ಲಿಷ್. ನೆಟ್‌ನಲ್ಲಿ ಹುಡುಕಿ ಅಲ್ಲಿಂದಿಷ್ಟು ಇಲ್ಲಿಂದಿಷ್ಟು ತಗೊಂಡಿದ್ದಳು. ಲೋಟ ಎಲ್ಲಿ? ಜೋಳ ಎಲ್ಲಿ?

‘ಅದನ್ನ ಹೆಂಗ್ ಬರಿಯೋದಣ್ಣಾ? ಅವರು ನಗ್ತಾರ’ ಅಂದಳು.

ನಾನು ಕಂಪನಿಯಲ್ಲಿ ಹೊಸಬರ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರ್ತೀನಿ. ‘ಅಪಾರ ಆಸಕ್ತಿ’ ಇರೋ ನೂರು ರೆಸ್ಯೂಮೆ ಬರ್ತವೆ, ಒಂದೂ ನೆನಪಿರಲ್ಲ. ಅಮೆರಿಕದ ಎಂಐಟಿ, ಸ್ಟ್ಯಾನ್‌ಫರ್ಡ್‌ನ ಕಂಪ್ಯೂಟರ್ ವಿಭಾಗಗಳಲ್ಲಿ ಈಗ ಓದ್ತಿರೋ ಪಿಎಚ್.ಡಿ ವಿದ್ಯಾರ್ಥಿಗಳೇ ಸೇರಿ ಹೊಸ ಅರ್ಜಿದಾರರ ಬರಹ ಓದಿ, ತಿದ್ದಿ ಕೊಡೋ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಹೇಳಿಕೊಡೋಕೆ ಮನೆಯಲ್ಲಿ, ಕಾಲೇಜಿನಲ್ಲಿ ಯಾರೂ ಇಲ್ಲದವರು ಇದರಿಂದಲೇ ಹಿಂದೆ ಬೀಳಬಾರದು ಅಂತ. ಓದೋರಿಗೆ ಬೇಕಾಗಿರೋದು ಭಾರೀ ಇಂಗ್ಲಿಷ್ ಅಲ್ಲ. ಈ ಹುಡುಗಿ ಒಂದು ಪ್ರಶ್ನೆ ಹಿಡಿದು ಏನು ಮಾಡಿದಳು, ಎಲ್ಲಿ ಸಿಕ್ಕಿಕೊಂಡಳು ಅನ್ನೋದು.

ಮರುದಿನ ಅವಳು ಮೊದಲು ಕನ್ನಡದಲ್ಲಿ ಹೇಳಿದಳು, ಆಮೇಲೆ ಇಬ್ಬರೂ ಸೇರಿ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿದೆವು. ಅಪ್ಪನ ಜೋಳ. ಮಷಿನ್ ಹೇಳಿದ್ದನ್ನು ನಂಬಬೇಕೋ ಬೇಡವೋ ಅನ್ನೋ ಅನುಮಾನ. ಎರಡು ಲೋಟ. ಬಿಸಿಲಲ್ಲಿ ಕಾದ ಕಾಳು ಒಂದು ರೀಡಿಂಗ್ ಕೊಟ್ಟರೆ, ಅದೇ ಕಾಳು ನೆರಳಲ್ಲಿ ತಣ್ಣಗಾದ ಮೇಲೆ ಬೇರೆ ರೀಡಿಂಗ್ ಯಾಕೆ ಕೊಡುತ್ತೆ ಅಂತ ತಿಳಿಯದೆ ಅವಳು ನಿಂತ ಜಾಗ. ‘ಗೊತ್ತಾಗಿಲ್ಲ’ ಅಂತಲೂ ಬರೀಬೇಕಾ ಅಂದಳು. ಅದನ್ನೇ ಮೊದಲು ಬರಿ ಅಂದೆ.

ಪತ್ರಕ್ಕೆ ಹಬ್ಬ ಮುಗಿದ ಮೇಲೆ ಹಡಗಲಿಗೆ ಹೋದೆವು. ಬೈಕಿನಲ್ಲಿ ನಾನು, ಹಿಂದೆ ಬಸ್ಸಿನಲ್ಲಿ ಅವಳು ಮತ್ತು ಕಾಕಾ. ಹಡಗಲಿಗೆ ಹೂವಿನಹಡಗಲಿ ಅಂತ ಹೆಸರು ಸುಮ್ಮನೆ ಬಂದಿಲ್ಲ. ಇಲ್ಲಿನ ಮಲ್ಲಿಗೆಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಇದೆ. ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿ ಇದೆ. ಆ ಕಡೆ ಹೋದವರು ಎರಡನ್ನೂ ತಪ್ಪಿಸಬೇಡಿ. ಅವತ್ತು ನಮಗೆ ಎರಡಕ್ಕೂ ಪುರುಸೊತ್ತು ಇರಲಿಲ್ಲ.

ಅವಳ ಸರ್ ಅತಿಥಿ ಉಪನ್ಯಾಸಕರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ವಿಷಯ ಕೇಳಿ ಖುಷಿಯಾದರು, ಆಮೇಲೆ ಮುಖ ಸಣ್ಣದು ಮಾಡಿಕೊಂಡರು.

‘ನಾನು ಪರ್ಮನೆಂಟ್ ಅಲ್ರೀ. ನನ್ನ ಪತ್ರಕ್ಕ ಅಲ್ಲಿ ಏನು ಬೆಲೆ ಇರ್ತೈತಿ? ಯಾರರ ದೊಡ್ಡವ್ರ ಕಡೆ ಬರಸ್ರಿ.’

‘ಸರ್, ಮೀಟರ್ ಕೊಟ್ಟೋರು ನೀವು. ಆಕೆ ಕೆಲಸ ನೋಡಿದೋರು ನೀವೊಬ್ಬರೇ. ದೊಡ್ಡವರು ಬರೆದರೆ ‘ವಿಧೇಯ ವಿದ್ಯಾರ್ಥಿನಿ, ಒಳ್ಳೆ ನಡತೆ’ ಅಂತ ಬರೀತಾರೆ. ಅದು ಎಲ್ಲರ ಪತ್ರದಲ್ಲೂ ಇರುತ್ತೆ.’

ಸರ್ ಸ್ವಲ್ಪ ಯೋಚಿಸಿ ಲ್ಯಾಬಿನ ಸ್ಟೂಲ್ ಎಳೆದುಕೊಂಡು ಕೂತರು. ಬರೆಯೋಕೆ ಮುಂಚೆ ಅವಳ ನೋಟ್‌ಬುಕ್ ತಗೊಂಡು ಒಂದೊಂದೇ ಪುಟ ತಿರುವಿದರು. ಒಂದು ಕಡೆ ಯೂನಿಟ್ ತಪ್ಪಾಗಿತ್ತು, ತಿದ್ದಿಸಿದರು. ಒಂದು ಗಂಟೆ ಹಿಡಿಯಿತು. ಕಾಕಾ ಬಾಗಿಲ ಹತ್ತಿರ ಕೈಕಟ್ಟಿ ನಿಂತು ಎಲ್ಲ ನೋಡ್ತಿದ್ದರು. ಮಗಳು ಎರಡು ವರ್ಷದಿಂದ ಹೋಗಿಬರೋ ಜಾಗಕ್ಕೆ ಅವರು ಬಂದದ್ದು ಅದೇ ಮೊದಲು. ವಾಪಸು ಹೊರಡುವಾಗ ಸರ್‌ಗೆ ಕೈಮುಗಿದು, ‘ಆ ಮೀಟರ್ ಇನ್ನಾ ಎರಡು ದಿನ ಇರ್ಲಿರಿ. ರಾಶಿ ಮಾರಿದ ಮ್ಯಾಲ ಕೊಡ್ತಾಳ’ ಅಂದರು.

ಸಂಜೆ ಊರಿನ ಕಂಪ್ಯೂಟರ್ ಸೆಂಟರಿನಲ್ಲಿ ಅಂಕಪಟ್ಟಿ ಸ್ಕ್ಯಾನ್ ಮಾಡಿಸಿ ಅರ್ಜಿ ಹಾಕಿದೆವು. ಎರಡು ಸಲ ಕರೆಂಟ್ ಹೋಯಿತು. ಮೂರನೇ ಸಲಕ್ಕೆ ‘ಸಲ್ಲಿಕೆಯಾಗಿದೆ’ ಅಂತ ಬಂತು. ಅವಳು ಫೋನಿನಲ್ಲಿ ಅದರ ಫೋಟೊ ಹೊಡೆದುಕೊಂಡಳು.

ಆಯ್ಕೆ ಆಗುತ್ತಾ? ಗೊತ್ತಿಲ್ಲ. ದೇಶದ ಎಲ್ಲ ಕಡೆಯಿಂದ ಅರ್ಜಿ ಬಂದಿರ್ತವೆ. ಆಗದಿದ್ದರೆ ಮುಂದಿನ ವರ್ಷಕ್ಕೆ ಮೂರು ಕಡೆ ಹಾಕೋದು ಅಂತ ಅವಳೇ ಪಟ್ಟಿ ಮಾಡಿದ್ದಾಳೆ. ಬಿ.ಎಡ್ ಮಾತು ಮನೆಯಲ್ಲಿ ಇನ್ನೂ ಇದೆ, ಅದೂ ಕೆಟ್ಟದ್ದೇನಲ್ಲ. ಆದರೆ ಈಗ ಅದರ ಪಕ್ಕದಲ್ಲಿ ಇನ್ನೊಂದು ಮಾತೂ ಇದೆ.

ಇದನ್ನು ಓದ್ತಿರೋ ನಿಮ್ಮಲ್ಲಿ ಬಹಳ ಜನ ನನ್ನ ಥರಾನೇ ಯಾವುದೋ ಊರಿನಿಂದ ರಾತ್ರಿ ಬಸ್ಸು ಹತ್ತಿ ಬಂದವರು. ಮುಂದಿನ ಹಬ್ಬಕ್ಕೆ ಹೋದಾಗ ಓಣಿಯಲ್ಲಿ ಡಿಗ್ರಿ ಓದೋರು ಯಾರಿದ್ದಾರೆ ಕೇಳಿ. ಒಂದು ಸಂಜೆ ಕೂತು ಅವರು ಬರೆದದ್ದನ್ನು ಓದಿ. ಇಷ್ಟಕ್ಕೆ ದುಡ್ಡೂ ಬೇಡ, ಸಂಘವೂ ಬೇಡ.

ನಾನು ಹೊರಡೋ ರಾತ್ರಿ ಕಾಕಾ ಬಸ್‌ ಸ್ಟ್ಯಾಂಡಿಗೆ ಬಂದಿದ್ದರು. ‘ಆ ಟಾಟಾ ಇನ್‌ಸ್ಟಿಟ್ಯೂಟ್ ಅಂದ್ಯಲ್ಲ, ಹೆಂಗೈತಿ ಒಂದು ಫೋಟೊ ಕಳಸು. ಕಣ್ಣಿಗೆ ಕಂಡ್ರ ಧೈರ್ಯ ಬರ್ತೈತಿ’ ಅಂದರು.

ಬೆಳಿಗ್ಗೆ ಯಶವಂತಪುರದಲ್ಲಿ ಇಳಿದು ಸಿಟಿ ಬಸ್ಸು ಹತ್ತಿದೆ. ‘ಟಾಟಾ ಇನ್‌ಸ್ಟಿಟ್ಯೂಟ್’ ಅಂತ ಕೂಗಿದಾಗ ಈ ಸಲ ಬ್ಯಾಗು ಎತ್ತಿಕೊಂಡು ಇಳಿದೆ. 1909ರಿಂದ ನಿಂತಿರೋ ಸಂಸ್ಥೆ, ಸುತ್ತ ಮರಗಳು, ಗೇಟಿನಲ್ಲಿ ಸೆಕ್ಯುರಿಟಿ. ರಸ್ತೆಯ ಈ ಕಡೆ ನಿಂತು ಫೋಟೊ ತೆಗೆದು ಕಾಕಾನಿಗೆ ಕಳಿಸಿದೆ.

ಆಫೀಸು ಮುಟ್ಟೋದರೊಳಗೆ ವಾಯ್ಸ್ ಮೆಸೇಜ್ ಬಂತು. ಹಿಂದೆ ಜೋಳ ತೂರೋ ಸದ್ದು.

‘ಗೇಟು ಚೊಲೋ ಐತಿ ತಮ್ಮಾ. ಒಳಗಿಂದೂ ಒಂದು ಹಾಕು.’

ವರ್ಷಕ್ಕೊಮ್ಮೆ ಅಲ್ಲಿ ಓಪನ್ ಡೇ ಇರುತ್ತೆ, ಎಲ್ಲರನ್ನೂ ಒಳಗೆ ಬಿಡ್ತಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ. ಅಪ್ಪನನ್ನೂ, ಕಾಕಾನನ್ನೂ ಕರೆಸಬೇಕು ಅಂತಿದ್ದೇನೆ. 2018ರ ಆ ಇಂಟರ್‌ವ್ಯೂ ವಿಷಯ ಅಪ್ಪನಿಗೆ ಅವತ್ತೇ ಹೇಳಿಬಿಡ್ತೀನಿ.